ಸಮಾನ ವಿಷಯವಿಲ್ಲ

ಮಾನ್ಯರೇ,
ಕಾಸರಗೋಡಿನಲ್ಲಿ ನಾಲ್ಕು ಸೆಮಿಸ್ಟರು ಓದಿ,
ದೊಡ್ಡಮ್ಮ ಕಾಲು ಮುರಿದುಕೊಂಡದ್ದರಿಂದ ತೊಕ್ಕೊಟ್ಟಿಗೆ ಬಂದು
ಉಳಿದದ್ದನ್ನು ನಿಮ್ಮಲ್ಲಿ ಮುಗಿಸಬೇಕೆಂದಿರುವ
ಪೈವಳಿಕೆಯ ಹರಿಣಾಕ್ಷಿ ನಾನು.
ಹೆಸರಿನ ಕೊನೆಗೆ ಅಲ್ಲಿ ವೈ, ಇಲ್ಲಿ ಐ.
ಇಬ್ಬರೂ ಒಬ್ಬಳೇ ಎಂದು
ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿದ್ದೇನೆ, ಲಗತ್ತಿಸಿದೆ.

ವಲಸೆ ಪತ್ರ, ವರ್ಗಾವಣೆ ಪತ್ರ, ನಡತೆ ಪತ್ರ,
ಅರ್ಹತೆ ಉಂಟೋ ಎಂದು ಕೇಳುವ ಅರ್ಜಿಗೂ ಶುಲ್ಕ.
ಪಠ್ಯಕ್ರಮದ ನಕಲು ನೂರ ಹದಿನಾಲ್ಕು ಪುಟ,
ಪುಟಕ್ಕೊಂದು ಮೊಹರು.
ಮಲಯಾಳದಲ್ಲಿದ್ದ ಒಂದು ಹಾಳೆಯನ್ನು
ಭಾಷಾಂತರ ಮಾಡಿಸಿ ತನ್ನಿ ಎಂದಿರಿ.
ಬಸ್ಸಿನಲ್ಲಿ ಪಕ್ಕ ಕೂತ ಮೀನಿನ ಅಯಿಸಮ್ಮ
ತಲಪಾಡಿ ಬರುವಷ್ಟರಲ್ಲಿ ಅದನ್ನು ಓದಿ ಹೇಳಿದ್ದರು.
ಅವರ ಬಳಿ ಮೊಹರಿರಲಿಲ್ಲ.

ಎಪ್ಪತ್ತಾರು ಕ್ರೆಡಿಟ್ಟು ಹೊತ್ತು ಬಂದವಳಿಗೆ
ಐವತ್ತೆಂಟು ಉಳಿಸಿದಿರಿ.
ಪರಿಸರ ಅಧ್ಯಯನ ಅಲ್ಲಿ ನಾಲ್ಕು, ಇಲ್ಲಿ ಎರಡು;
ಹದಿನೇಳು ಕಿಲೋಮೀಟರಿನಲ್ಲಿ ಅಷ್ಟು ಪರಿಸರ ಕರಗಿತು.
ಇಂಗ್ಲಿಷು ಪೂರ್ತಿ ಪಾಸು. ಅದಕ್ಕೆ ಯಾವ ಗೇಟೂ ಇಲ್ಲ.
ಇನ್ನು ಕನ್ನಡ.
ಹನ್ನೊಂದು ಮಂದಿಗೆ ಯಾಕೆ ಕ್ಲಾಸು ಎಂದವರ ಎದುರು
ಹನ್ನೊಂದು ಮಂದಿಯೂ ಜಗಲಿಯಲ್ಲಿ ಕೂತು ಪಡೆದ ಕನ್ನಡ,
ಓಣಂ ರಜೆ ಕಳೆದ ಮೇಲೆ ಪುಸ್ತಕ ಬಂದ ಕನ್ನಡ,
ಪ್ರಶ್ನೆಪತ್ರಿಕೆಯಲ್ಲಿ ಉದುರಿಹೋದ ಒತ್ತಕ್ಷರಗಳನ್ನು
ನಾವೇ ಹೆಕ್ಕಿ ಜೋಡಿಸಿಕೊಂಡು ಉತ್ತರ ಬರೆದ ಕನ್ನಡ.
ಅದರ ಸುತ್ತ ಹಸಿರು ಶಾಯಿಯಲ್ಲಿ ಉರುಟು ಹಾಕಿ
ಅನ್ಯರಾಜ್ಯ ಎಂದು ಬರೆದಿರಿ.
ಕನ್ನಡ ಓದಲು ಬರೆಯಲು ಬರುತ್ತದಾ ಎಂದು
ಕನ್ನಡದಲ್ಲಿ ಕೇಳಿದಿರಿ.
ಬರುತ್ತದೆ ಎಂದೆ, ಕನ್ನಡದಲ್ಲಿ.
ದಾಖಲೆ ಬೇಕು ಎಂದಿರಿ.

ಕೊನೆಯದು ಸುರಂಗದ ಪ್ರಾಜೆಕ್ಟು, ಮೂರು ಕ್ರೆಡಿಟ್ಟು.
ನಮ್ಮ ಕಡೆ ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡ ತೋಡುತ್ತಾರೆ.
ಎಪ್ಪತ್ತು ದಾಟಿದ ಕುಂಞಂಬು ಅವರ ಬೆನ್ನ ಹಿಂದೆ
ಬಗ್ಗಿಕೊಂಡು ಮೂವತ್ತೇಳು ಕೋಲು ಒಳಗೆ ಹೋದೆ.
ಬತ್ತಿ ಆರಿದರೆ ಮಾತಾಡದೆ ಹಿಂದೆ ಬಾ, ಎಂದಿದ್ದರು.
ಆರಲಿಲ್ಲ.
ಗೋಡೆಗೆ ಅಂಗೈ ಒತ್ತಿ ನೋಡು,
ತಣ್ಣಗಿದ್ದರೆ ಇನ್ನೆರಡು ಕೋಲು,
ಬೆಚ್ಚಗಿದ್ದರೆ ದಾರಿ ತಿರುಗಿಸು,
ಸಿಟ್ಟು ಮಾಡಿಕೊಂಡು ಮಾತ್ರ ತೋಡಬೇಡ.
ಇದರ ಎದುರಿನ ಕಲಮಿನಲ್ಲಿ ನೀವು ಬರೆದದ್ದು:
ಸಮಾನ ವಿಷಯವಿಲ್ಲ.
ನಿಮ್ಮ ಕಚೇರಿಯ ಒಂದು ಮಾತನ್ನು
ನಾನು ಪೂರ್ತಿ ಒಪ್ಪಿದ್ದು ಅದೇ ಮೊದಲು.

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ.
ಕ್ರೆಡಿಟ್ಟು ಅಂದರೆ ಸಾಲವಾ ಎಂದು ಹೆದರಿದಳು.
ಬಿಡಿಸಿ ಹೇಳಿದ ಮೇಲೆ, ಓ, ಅದಾ.
ಸಾವಿರ ಬೀಡಿ ಕಟ್ಟಿ ಕೊಂಡುಹೋದರೆ
ಬ್ರಾಂಚಿನವನು ಮೂಸಿ, ಒತ್ತಿ, ತಲೆ ಸರಿಯಿಲ್ಲ ಎಂದು
ನೂರು ಬದಿಗಿಡುತ್ತಾನೆ.
ಬೇಡದ ಬೀಡಿ ಅಂದ ಮೇಲೆ ವಾಪಸು ಕೊಡಬೇಕಲ್ಲ?
ಕೊಡುವುದಿಲ್ಲ.
ನಿನ್ನದನ್ನಾದರೂ ನೀನು ಕೇಳಿ ತಕ್ಕೊ.

ಆದ್ದರಿಂದ ಮಾನ್ಯರೇ,
ಕಳೆದ ಹದಿನೆಂಟಕ್ಕೆ ಮತ್ತೆ ಕೂರುತ್ತೇನೆ.
ಕನ್ನಡ ಬಲ್ಲೆನೆಂದು ತೋರಿಸುವ ಪರೀಕ್ಷೆಗೂ
ಹಣ ಕಟ್ಟಿ ರಶೀದಿ ಇಟ್ಟುಕೊಂಡಿದ್ದೇನೆ.
ನಿಮಗೆ ಬೇಡದ ಸುರಂಗದ ಪುಸ್ತಕವನ್ನು ಮಾತ್ರ
ದಯವಿಟ್ಟು ಹಿಂದೆ ಕೊಡಿ.
ಅದರ ನಲುವತ್ತೊಂದನೆಯ ಪುಟದಲ್ಲಿ
ಕೆಂಪು ಮಣ್ಣಿನ ಒಂದು ಹೆಬ್ಬೆರಳ ಗುರುತು ಉಂಟು.
ಸಹಿ ಬಾರದವರು ಒತ್ತಿದ್ದಲ್ಲ ಅದು;
ತನ್ನ ಚಿತ್ರ ಎಲ್ಲಿದೆ ಎಂದು
ಅವರು ಪುಟ ತಿರುವುವಾಗ ಆದದ್ದು.
ಒರೆಸಬೇಡಿ.

ಇತಿ,
ಹರಿಣಾಕ್ಷಿ.
ಕೊನೆಯ ಅಕ್ಷರ ತಮಗೆ ಬೇಕಾದ್ದು.